ಭಾರತಾಂಬಾ ಬ್ಯಾಂಡಿನ ದೊಡ್ಡ ಡ್ರಮ್ಮು

ಡ್ರಮ್ಮು ಚನ್ನರಾಯಪಟ್ಟಣಕ್ಕೆ ಬಂದದ್ದು ಯುದ್ಧ ಮುಗಿದ ಮರುವರ್ಷ, ಇದ್ದಿಲ ಗ್ಯಾಸಿನ ಬಸ್ಸಿನ ನೆತ್ತಿಯ ಮೇಲೆ ಕೂತು. ಬೆಂಗಳೂರು ದಂಡಿನಲ್ಲಿ ಬಿಳಿಯರ ಪಲ್ಟಣವೊಂದು ಊರಿಗೆ ಹೊರಟಾಗ ತನ್ನ ವಾದ್ಯಗಳನ್ನು ಹರಾಜು ಹಾಕಿತ್ತು. ಕೊಬ್ಬರಿ ಮಂಡಿಯ ಚನ್ನಬಸವಯ್ಯನವರು ಹೋಗಿ ಅಷ್ಟನ್ನೂ ಹಿಡಿದು ತಂದರು. ಬ್ರಿಟಿಷರನ್ನು ಅವರದೇ ಡ್ರಮ್ಮು ಬಡಿದು ಓಡಿಸಬೇಕೆಂಬುದು ಅವರ ಆಸೆ. ಬ್ರಿಟಿಷರು ಅಷ್ಟರೊಳಗೆ ತಾವೇ ಗಂಟುಮೂಟೆ ಕಟ್ಟುತ್ತಿದ್ದರು. ಅದು ಚನ್ನಬಸವಯ್ಯನವರ ತಪ್ಪಲ್ಲ.

ಬ್ಯಾಂಡಿಗೆ ಶ್ರೀ ಭಾರತಾಂಬಾ ಬ್ಯಾಂಡ್ ಎಂದು ಹೆಸರಿಟ್ಟರು. ಮದುವೆಗೆ ನುಡಿಸುವುದಿಲ್ಲ, ಅದು ಹೊಟ್ಟೆಪಾಡು. ತೀರಿದವರ ಮನೆಗೆ ಹೋಗುವುದಿಲ್ಲ, ಅದಕ್ಕೆ ಕೇರಿಯ ತಮಟೆಯವರಿದ್ದಾರೆ. ಭಾರತಾಂಬಾ ಬ್ಯಾಂಡು ನುಡಿಸುವುದು ನಾಡಿನ ಚರಿತ್ರೆ, ದೇಶದ ಸಂಸ್ಕೃತಿ. ಇವೆರಡೂ ಯಾವ ರಾಗದಲ್ಲಿವೆ ಎಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೈಸೂರಿನಲ್ಲಿ ಕ್ಲಾರಿನೆಟ್ ಊದಿ ನಿವೃತ್ತರಾಗಿದ್ದ ನಂಜಯ್ಯನವರನ್ನು ಮೇಷ್ಟ್ರಾಗಿ ಕರೆಸಿದರು. ಅವರಿಗೂ ಗೊತ್ತಿರಲಿಲ್ಲ. ಆದರೆ ಅವರು ಗೊತ್ತಿರುವವರ ಹಾಗೆ ಕಣ್ಣು ಮುಚ್ಚುತ್ತಿದ್ದರು.

ಬಂದ ವಾದ್ಯಗಳಿಗೆ ಮೊದಲು ಮಡಿ ಆಗಬೇಕಾಯಿತು. ಕಾರ್ನೆಟ್ಟಿನ ಬಾಯಿಗೆ ಯಾವ ಸೋಲ್ಜರನ ಬಾಯಿ ತಾಗಿತ್ತೋ, ಆ ಬಾಯಿ ಏನೇನು ತಿಂದಿತ್ತೋ. ಹುಣಿಸೆಹಣ್ಣು ಹಾಕಿ ತಿಕ್ಕಿದರು. ಸಮಾಧಾನವಾಗದೆ ಗಂಜಲದಲ್ಲಿ ನೆನೆಹಾಕಿದರು. ತೆಗೆದಾಗ ವಾದ್ಯ ಪವಿತ್ರವಾಗಿತ್ತು, ಆದರೆ ಒತ್ತಿದ ಗುಂಡಿ ಮೇಲೇಳುತ್ತಿರಲಿಲ್ಲ. ನಂಜಯ್ಯ ಹಣೆ ಚಚ್ಚಿಕೊಂಡು, ಮಂಡಿಯ ಕೊಬ್ಬರಿ ಎಣ್ಣೆ ಬಿಟ್ಟು ಒಂದೊಂದನ್ನೇ ಸಡಿಲಿಸಿದರು. ಮುಂದೆ ಆ ಕಾರ್ನೆಟ್ಟು ಎಂಥ ದೇಶಭಕ್ತಿಯ ಹಾಡು ನುಡಿಸಿದರೂ ಜೊತೆಗೆ ಒಗ್ಗರಣೆಯ ವಾಸನೆ ಬರುತ್ತಿತ್ತು.

ದೊಡ್ಡ ಡ್ರಮ್ಮಿನದು ಬೇರೆ ತೊಡಕು. ಅದರ ಎರಡು ಮುಖಕ್ಕೂ ಕರುವಿನ ಚರ್ಮ. ಕೊರಳಿಗೆ ಪಟ್ಟಿ ಹಾಕಿ ಎದೆಯ ಮೇಲೆ ತೂಗುಬಿಟ್ಟು ಬಡಿಯಬೇಕು. ಬ್ಯಾಂಡಿನಲ್ಲಿದ್ದವರೆಲ್ಲ ಲಿಂಗವಂತರು. ಎದೆಯ ಮೇಲೆ ಕರಡಿಗೆ, ಅದರೊಳಗೆ ಲಿಂಗ.

"ಲಿಂಗದ ಮೇಲೆ ಕರುವಿನ ತೊಗಲು ಒರಗ್ಸೋದಾ?" ಎಂದರು ಚನ್ನಬಸವಯ್ಯನವರು.

"ಬೆನ್ನಿಗೆ ಕಟ್ಟಿ ಯಜಮಾನ್ರೆ," ಎಂದರು ನಂಜಯ್ಯ. "ಬಡಿಯೋನು ಹಿಂದೆ ಬರ್ಲಿ. ಕೋಲಿನ ತುದೀಲಿ ಬಟ್ಟೆ ಇರ್ತದೆ, ಕೈಗೇನೂ ತಾಗಾಕಿಲ್ಲ."

"ಯಾರ ಬೆನ್ನಿಗೆ?"

ಎಲ್ಲರ ಕಣ್ಣೂ ಮಂಡಿಯ ಅಂಗಳಕ್ಕೆ ಹೋದವು. ಅಲ್ಲಿ ಕೇರಿಯ ಜವರ ನೆಟ್ಟ ಕಬ್ಬಿಣದ ಮೊನೆಗೆ ತೆಂಗಿನಕಾಯಿ ಕುಕ್ಕಿ, ತಿರುವಿ, ಮಟ್ಟೆ ಸುಲಿಯುತ್ತಿದ್ದ. ಅಗಲವಾದ ಬೆನ್ನು. ಬೆವರಿಗೆ ಹೊಳೆಯುತ್ತಿತ್ತು. ಡ್ರಮ್ಮಿನ ಅಳತೆಗೇ ಮಾಡಿಸಿದ ಹಾಗಿದೆ ಎಂದು ನಂಜಯ್ಯ ಸಂತೋಷಪಟ್ಟರು.

ಬಡಿಯುವ ಕೆಲಸ ಚನ್ನಬಸವಯ್ಯನವರ ಸೋದರಳಿಯ ಈಶ್ವರಯ್ಯನ ಪಾಲಿಗೆ ಬಂತು. ಈಶ್ವರಯ್ಯ ಮಿಡ್ಲ್ ಸ್ಕೂಲು ಪಾಸಾದವನು. ಮಂಡಿಯ ಗದ್ದುಗೆಯಲ್ಲಿ ಕೂತು ದಿನಪತ್ರಿಕೆಯನ್ನು ಎಲ್ಲರಿಗೂ ಕೇಳುವಂತೆ ಓದುತ್ತಿದ್ದ. ಸತ್ಯಾಗ್ರಹಿಗಳಿಗೆ ಲಾಠಿ ಬಿದ್ದ ಸುದ್ದಿ ಬಂದರೆ ಗಂಟಲು ಕಟ್ಟಿ ನಿಲ್ಲಿಸುತ್ತಿದ್ದ. ಮೃದು ಮನಸ್ಸಿನವನೆಂದು ಊರಿನಲ್ಲಿ ಹೆಸರು. ಮೃದು ಮನಸ್ಸಿಗೆ ಒಂದು ಅನುಕೂಲವಿದೆ. ಅದು ನೋಯುತ್ತದೆ, ನೊಂದಾಯಿತಲ್ಲ, ಇನ್ನೇನು ಮಾಡಬೇಕು ಎಂದು ಸುಮ್ಮನಾಗುತ್ತದೆ.

ಅಭ್ಯಾಸ ಮಂಡಿಯ ಚಪ್ಪರದಲ್ಲಿ ನಡೆಯುತ್ತಿತ್ತು. ಜವರ ಚಪ್ಪರದೊಳಗೆ ಬರುವಂತಿಲ್ಲ. ಅಂಚಿನಲ್ಲಿ, ಬಿಸಿಲಿನಲ್ಲಿ, ಅಂಗಳದ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಬೆನ್ನು ಮಾತ್ರ ನೆರಳಿನಲ್ಲಿ. ಆ ಬೆನ್ನಿಗೆ ಡ್ರಮ್ಮು. ಡ್ರಮ್ಮಿನ ಹಿಂದೆ ಈಶ್ವರಯ್ಯ. ಹೀಗೆ ಬ್ಯಾಂಡಿನಲ್ಲಿದ್ದರೂ ಜವರ ಯಾವತ್ತೂ ಬ್ಯಾಂಡನ್ನು ನೋಡಿದವನಲ್ಲ.

ನಂಜಯ್ಯನವರ ಮೇರು ಕೃತಿ 'ಹೊಯ್ಸಳ ವಿಜಯ'. ಗುರುವಿನ ಮಾತಿಗೆ ಸಳ ಹುಲಿಯನ್ನು ಹೊಡೆದು ಕೊಂದ ಕಥೆ. ಕ್ಲಾರಿನೆಟ್ಟು ಪಾಠ ಹೇಳುತ್ತದೆ. ಕಾರ್ನೆಟ್ಟು ಗರ್ಜಿಸುತ್ತದೆ. ಎಲ್ಲ ವಾದ್ಯವೂ ತಟ್ಟನೆ ನಿಲ್ಲುತ್ತದೆ. ಆಗ ದೊಡ್ಡ ಡ್ರಮ್ಮಿಗೆ ಒಂದೇ ಒಂದು ಏಟು, ಮೈಯಲ್ಲಿರುವ ಬಲವನ್ನೆಲ್ಲ ಬಿಟ್ಟು. ಹುಲಿ ಸತ್ತಿತು. ಜನ ಚಪ್ಪಾಳೆ ತಟ್ಟಬೇಕು.

ಮೊದಲ ಸಲ ಆ ಏಟು ಬಿದ್ದಾಗ ಜವರ ಮುಗ್ಗರಿಸಿ ಮಂಡಿಯೂರಿದ. ಡ್ರಮ್ಮಿನ ಒಳಮುಖ ಅವನ ಬೆನ್ನುಮೂಳೆಗೆ ಆತುಕೊಂಡಿತ್ತು. ಏಟು ಚರ್ಮ ದಾಟಿ ಮೂಳೆಗೆ ಹೋಯಿತು, ಮೂಳೆಯಿಂದ ಹಲ್ಲಿಗೆ. ನಾಲಿಗೆ ಕಚ್ಚಿಕೊಂಡಿದ್ದ. ರಕ್ತ ಉಗಿದು ಎದ್ದು ನಿಂತ.

"ಇನ್ನೂ ಜೋರಾಗಿ," ಎಂದರು ನಂಜಯ್ಯ. "ಹುಲಿ ಅದು, ಬೆಕ್ಕಲ್ಲ."

ಕೆಲವು ವಾರ ಕಳೆದ ಮೇಲೆ, ಬೀಡಿಗೆಂದು ಬ್ಯಾಂಡು ಅಭ್ಯಾಸ ನಿಲ್ಲಿಸಿದಾಗ, ಜವರ ತಿರುಗದೆಯೇ ಕೇಳಿದ:

"ಬುದ್ದಿ, ಆ ಉಲಿ ಸಾಯಾದೇ ಇಲ್ವಾ? ದಿನಾ ವಡೀತೀರಿ."

"ದಿನಾ ಸಾಯ್ತದೆ, ದಿನಾ ಹುಟ್ತದೆ ಕಣೋ. ಅದು ಚರಿತ್ರೆ," ಎಂದ ಈಶ್ವರಯ್ಯ.

"ಅಂಗಾರೆ ಅದು ಬೇರೆ ಎಲ್ಲಾದ್ರೂವೆ ಸಾಯ್ಬೌದಲ್ವಾ ಬುದ್ದಿ. ನನ್ನ ಬೆನ್ ಮ್ಯಾಲೇ ಬಂದ್ ಸಾಯ್ಬೇಕಾ?"

ಈಶ್ವರಯ್ಯ ನಕ್ಕ. ಒಳ್ಳೆಯ ಮಾತೆನಿಸಿ ಮಾವನಿಗೂ ಹೇಳಿದ. ಚನ್ನಬಸವಯ್ಯನವರೂ ನಕ್ಕರು. ಮಂಡಿಯಲ್ಲಿ ಒಂದು ದಿನವೆಲ್ಲ ಆ ಮಾತು ಓಡಾಡಿತು. ಹುಣ್ಣಿನ ಸುದ್ದಿ ಮಾತ್ರ ಓಡಾಡಲಿಲ್ಲ.

ಹುಣ್ಣನ್ನು ಮೊದಲು ಕಂಡವನು ಈಶ್ವರಯ್ಯನೇ. ಡ್ರಮ್ಮಿನ ಅಂಚಿಗೆ ಸುತ್ತಲೂ ಬಿಗಿಯುವ ಕಬ್ಬಿಣದ ಸರಳುಗಳಿದ್ದವು. ಅವು ಜವರನ ಎರಡು ರೆಕ್ಕೆಮೂಳೆಗಳನ್ನೂ ಉಜ್ಜುತ್ತಿದ್ದವು. ಅಲ್ಲಿ ತೊಗಲು ಸುಲಿದು ಕೆಂಪು ಕಂಡಿತ್ತು. ಮಾರನೆಯ ದಿನ ಜವರ ಬೆನ್ನಿಗೊಂದು ಗೋಣಿತಾಟು ಕಟ್ಟಿಕೊಂಡು ಬಂದ. ನಂಜಯ್ಯ ಡ್ರಮ್ಮಿಗೆ ಕಿವಿಗೊಟ್ಟು ಮುಖ ಸಿಂಡರಿಸಿದರು.

"ನಾದ ಸಾಯ್ತಾ ಐತೆ. ಆ ಗೋಣಿ ತೆಗ್ಸು ಈಶ್ವರಯ್ಯ."

ತೆಗೆಯುವಾಗ ಗೋಣಿಯ ನಾರು ಹುಣ್ಣಿಗೆ ಅಂಟಿಕೊಂಡಿತ್ತು. ಈಶ್ವರಯ್ಯ ಮುಟ್ಟದ ಹಾಗೆ, ಗೋಣಿಯ ತುದಿಯನ್ನು ಡ್ರಮ್ಮಿನ ಕೋಲಿನಿಂದ ಎತ್ತಿ ಎಳೆದ. ಜವರ ಉಸಿರೆಳೆದುಕೊಂಡ ಸದ್ದು ಕೇಳಿಸಿತು. ಅಂದು ಈಶ್ವರಯ್ಯ ಮನೆಯಲ್ಲಿ ರೊಟ್ಟಿಗೆ ಬೆಣ್ಣೆ ಹಾಕಿಸಿಕೊಳ್ಳಲಿಲ್ಲ. ಅದು ಅವನ ಪ್ರಾಯಶ್ಚಿತ್ತ. ತಾಯಿ ಮೈ ಬಿಸಿಯಿದೆಯೇ ಎಂದು ಹಣೆ ಮುಟ್ಟಿ ನೋಡಿದಳು.

ಬ್ಯಾಂಡಿಗೆ ಹೆಸರು ಬಂತು. ಅರಕಲಗೂಡಿನಲ್ಲಿ ಕಾಂಗ್ರೆಸ್ಸಿನ ಸಭೆಗೆ ನುಡಿಸಿದರು. ಹೊಳೆನರಸೀಪುರದಲ್ಲಿ ಹೊಳೆಯ ದಂಡೆಯ ಮೇಲೆ ನುಡಿಸಿದರು. ಬಸ್ಸಿನ ಒಳಗೆ ಬ್ಯಾಂಡು, ನೆತ್ತಿಯ ಮೇಲೆ ಡ್ರಮ್ಮು ಮತ್ತು ಜವರ. ಹಿಂಬದಿಯ ಒಲೆಯಿಂದ ಇದ್ದಿಲ ಕಿಡಿ ಹಾರಿ ಅವನ ಮೇಲೆ ಬೀಳುತ್ತಿತ್ತು. ಇಳಿದಾಗ ಮುಖ ಕಪ್ಪಾಗಿರುತ್ತಿತ್ತು. ಊರಿನವರು ಬ್ಯಾಂಡಿಗೆ ಹಾರ ಹಾಕುತ್ತಿದ್ದರು. ಜವರನ ಕೊರಳಿಗೆ ಹಾಕಲು ಜಾಗವಿರಲಿಲ್ಲ, ಅಲ್ಲಿ ಪಟ್ಟಿ ಇತ್ತು.

ಎಡವಟ್ಟಾದದ್ದು ಕೊರವಂಗಲದಲ್ಲಿ. ಹೊಯ್ಸಳರ ಗುಡಿಯ ಮುಂದೆಯೇ 'ಹೊಯ್ಸಳ ವಿಜಯ' ನುಡಿಸಬೇಕೆಂದು ಚನ್ನಬಸವಯ್ಯನವರ ಹಂಬಲ. ಬ್ಯಾಂಡು ಗುಡಿಯ ಅಂಗಳಕ್ಕೆ ಹೋಯಿತು. ಜವರ ಊರಬಾಗಿಲಲ್ಲೇ ನಿಂತ. ಅವನ ಬೆನ್ನ ಹಿಂದೆ ಈಶ್ವರಯ್ಯ. ನಡುವೆ ಒಂದು ಬೀದಿ, ಒಂದು ಕಟ್ಟೆ, ನಾಲ್ಕಾರು ಮನೆ. ಒಳಗಿನಿಂದ ಟವೆಲು ಬೀಸಿದಾಗ ಹೊರಗೆ ಏಟು ಹಾಕಬೇಕೆಂದು ಏರ್ಪಾಡಾಯಿತು. ಟವೆಲು ಬೀಸುವವನು ಗುಡಿಯ ಕೆತ್ತನೆ ನೋಡುತ್ತ ಮೈಮರೆತ. ಒಳಗೆ ಕಾರ್ನೆಟ್ಟು ಗರ್ಜಿಸಿ ನಿಂತಿತು. ಹುಲಿ ಕಾಯಿತು, ಸಳ ಕಾದ, ಗುರು ಕಾದರು, ಊರಿನ ಪ್ರಮುಖರು ಕಾದರು. ಚಪ್ಪಾಳೆ ಹೊಡೆದು ಮುಗಿಸಿ ಎಲೆ ಅಡಿಕೆ ಕೊಡುವ ಹೊತ್ತಿಗೆ ದೂರದಲ್ಲಿ ಢಂ ಎಂದಿತು.

ಚನ್ನರಾಯಪಟ್ಟಣ ತಲುಪಿದ ಮೇಲೆ ಚನ್ನಬಸವಯ್ಯನವರು ಅಳಿಯನನ್ನು ಕರೆದರು.

"ಹಾಸನದಲ್ಲಿ ಇಂಥದ್ದು ಆಗ್ಕೂಡದು ಈಶ್ವರ. ಆಗಸ್ಟು ಹದಿನೈದಕ್ಕೆ ನಮ್ಮದೇ ಮುಂದಿನ ಬ್ಯಾಂಡು. ಮೆರವಣಿಗೆ ಎಲ್ಲಾ ಬೀದೀಲೂ ಹೋಗ್ತದೆ, ಮಠದ ಬೀದೀಲೂ ಹೋಗ್ತದೆ."

"ಜವರ?"

"ಅವನಿಗೂ ಒಂದು ಕೋಟು ಹೊಲಿಸಿಬಿಡು. ಹಣೆಗೆ ಮೂರು ಎಳೆ ಭಸ್ಮ ಎಳಿ. ಹಾಸನದಲ್ಲಿ ಅವನ್ಯಾರೂಂತ ಯಾರಿಗೆ ಗೊತ್ತು. ಅರ್ಧ ದಿನದ ಮಾತು."

"ತಪ್ಪಲ್ವಾ ಮಾವ?"

"ದೇಶದ ಕೆಲಸ ಕಣೋ."

ಭಸ್ಮ ಹಚ್ಚಿದವನು ಈಶ್ವರಯ್ಯ. ಹಾಸನದ ಹೊರಗೆ, ಬಸ್ಸು ನಿಲ್ಲಿಸಿದ ಮರದಡಿ, ಬೆಳಿಗ್ಗೆ. ತುಂತುರು ಹನಿಯುತ್ತಿತ್ತು. ಮೂರು ಬೆರಳು ಭಸ್ಮದಲ್ಲದ್ದಿ ಜವರನ ಹಣೆಯ ಮೇಲೆ ಎಳೆದ. ಅಷ್ಟು ದಿನ ಹಿಂದೆ ನಿಂತು ಬಡಿದವನಿಗೆ ಅವನ ಮುಖವನ್ನು ಹತ್ತಿರದಿಂದ ನೋಡಿದ್ದು ಅಂದೇ ಮೊದಲು. ಎಡಗಣ್ಣಿನ ಕೆಳಗೆ ಒಂದು ಮಚ್ಚೆ ಇತ್ತು.

"ಯಾರಾನ ಕೇಳುದ್ರೆ ಏನ್ ಅನ್ಲಿ ಬುದ್ದಿ?"

"ಯಾರೂ ಕೇಳಲ್ಲ. ಕೇಳಿದ್ರೆ ನಾನಿದೀನಲ್ಲ."

"ನೀವಿದ್ದೀರಿ ಅನ್ನಾದು ಸರಿ. ನಾನ್ ಯಾರು ಅನ್ಬೇಕು?"

"ಜವರಯ್ಯ ಅನ್ನು."

"ಅಯ್ಯ ಆಗ್ಬುಟ್ನಾ," ಎಂದು ಜವರ ನಕ್ಕ. ನಗು ಬೇಗ ನಿಂತಿತು. "ನನ್ನ ಎಡ್ತಿ ಚೆಲುವಿ ಬ್ಯಾಡ ಅಂದ್ಲು. ವತ್ತಿದ್ದು ವತ್ತಾಯ್ತು, ಯೇಸ ಯಾಕೆ ಆಕ್ತೀಯ ಅಂದ್ಲು. ನಿಮ್ಮ ಮಾತ್ ನಂಬ್ಕಂಡು ಬಂದೀವ್ನಿ."

ಮೆರವಣಿಗೆ ಹೊರಟಿತು. ಹಾಸನ ಅಂಥ ಜನವನ್ನು ಕಂಡಿರಲಿಲ್ಲ. ಮನೆಮನೆಯ ಮೇಲೂ ಬಾವುಟ. ಹನಿಗೆ ಡ್ರಮ್ಮಿನ ಚರ್ಮ ಸಡಿಲವಾಯಿತು, ನಾದ ಮಂಕಾಯಿತು, ಆದ್ದರಿಂದ ಈಶ್ವರಯ್ಯ ಇನ್ನೂ ಜೋರಾಗಿ ಬಡಿಯಬೇಕಾಯಿತು. ಹೊಸ ಕೋಟಿನ ಬೆನ್ನಿನಲ್ಲಿ, ಎರಡು ಕಡೆ, ಒದ್ದೆಯ ಕಲೆ ಮೂಡಿತು. ಮೊದಲು ಮಳೆ ಎಂದುಕೊಂಡ. ಆಮೇಲೆ ಬಣ್ಣ ಗೊತ್ತಾಯಿತು. ಬಡಿಯುವುದನ್ನು ನಿಲ್ಲಿಸಲಿಲ್ಲ. ಸ್ವಾತಂತ್ರ್ಯ ಬಂದ ದಿನ ಬ್ಯಾಂಡು ನಿಲ್ಲಿಸುವುದುಂಟೆ.

ಮೈದಾನದಲ್ಲಿ ಒಬ್ಬ ಮುಖಂಡರು ಭಾಷಣ ಮಾಡಿದರು. ಇಂದಿನಿಂದ ಈ ದೇಶದಲ್ಲಿ ಯಾರ ಬೆನ್ನ ಮೇಲೂ ಯಾರೂ ಸವಾರಿ ಮಾಡುವಂತಿಲ್ಲ ಎಂದರು. ಜನ ಚಪ್ಪಾಳೆ ತಟ್ಟಿದರು. ಈಶ್ವರಯ್ಯ ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ತಟ್ಟಿದ. ಜವರ ತಟ್ಟಲಿಲ್ಲ. ಅವನ ಎರಡು ಕೈಯೂ ಪಟ್ಟಿ ಹಿಡಿದಿದ್ದವು.

ಮಧ್ಯಾಹ್ನದ ಊಟ ಜವಳಿ ವ್ಯಾಪಾರಿ ಪರಮಶಿವಯ್ಯನವರ ಮನೆಯಲ್ಲಿ. ಜವರ ಹಿತ್ತಲಿಗೆ ಹೋಗಿ ಕೂರಬೇಕು, ಅಲ್ಲಿಗೇ ಏನಾದರೂ ಕಳಿಸುವುದು ಎಂದು ಮೊದಲೇ ಮಾತಾಗಿತ್ತು. ಅವನು ಡ್ರಮ್ಮು ಇಳಿಸಿ, ಗೋಡೆ ಬದಿಯಿಂದ ಹಿತ್ತಲ ಕಡೆಗೆ ನಡೆದೂ ಇದ್ದ. ಮನೆಯ ಹುಡುಗರು ಬಿಡಲಿಲ್ಲ. ಹಣೆಯ ಭಸ್ಮ, ಬಿಳಿ ಕೋಟು.

"ಎಲ್ಲಿಗೆ ಹೊರಟ್ರಿ ಶರಣ್ರೇ? ಪಂಕ್ತಿ ಒಳಗಿದೆ."

"ಬ್ಯಾಡಿ ಸಾಮಿ, ನಾನು ಇಲ್ಲೇ..."

"ನೀವೇ ಹಿಂಗಂದ್ರೆ ಹೆಂಗೆ? ಡ್ರಮ್ಮು ಹೊತ್ತೋರು ನೀವು. ನಮ್ಮ ತಾತ ನಿಮ್ಮನ್ನೇ ಕೇಳ್ತಾ ಇದ್ರು."

ಕೈ ಹಿಡಿದು ಒಳಗೆ ಕರೆತಂದರು. ಈಶ್ವರಯ್ಯನ ಪಕ್ಕದಲ್ಲಿ ಒಂದು ಎಲೆ ಖಾಲಿ ಇತ್ತು. ಜವರ ನಿಂತೇ ಇದ್ದ. ಅವನು ಈಶ್ವರಯ್ಯನ ಮುಖ ನೋಡಿದ. ಈಶ್ವರಯ್ಯ ಮಾವನ ಕಡೆ ನೋಡಿದ. ಮಾವ ಯಾರೊಂದಿಗೋ ಕೊಬ್ಬರಿ ಧಾರಣೆ ಮಾತಾಡುತ್ತಿದ್ದರು. ಈಶ್ವರಯ್ಯನಿಗೆ ಏನನ್ನಿಸಿತೋ, ಭಾಷಣದ ಬಿಸಿ ಇನ್ನೂ ಕಿವಿಯಲ್ಲಿತ್ತೋ, ಕೂತ್ಕೋ ಎಂದು ಕಣ್ಣಲ್ಲೇ ಹೇಳಿದ. ಜವರ ಕೂತ. ಈಶ್ವರಯ್ಯನಿಗೆ ಎದೆ ತುಂಬಿ ಬಂತು. ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ತಾನೂ ಒಂದು ದೊಡ್ಡ ಕೆಲಸ ಮಾಡಿದೆನೆಂದುಕೊಂಡ. ಆ ಸಂತೋಷ ಪಲ್ಯದಿಂದ ಕೋಸಂಬರಿಯವರೆಗೆ ಇತ್ತು.

ಅನ್ನ ಬಡಿಸಿದರು. ಪಾಯಸ ಬಡಿಸಿದರು. ಆಮೇಲೆ ಪಂಕ್ತಿಯಲ್ಲಿ ಕೂತವರೆಲ್ಲ ಎಂದಿನಂತೆ ಕರಡಿಗೆ ತೆರೆದು, ಲಿಂಗವನ್ನು ಎಡಗೈಯ ಅಂಗೈಗೆ ತೆಗೆದುಕೊಂಡರು. ಊಟಕ್ಕೆ ಮೊದಲು ಲಿಂಗಕ್ಕೆ ತೋರಿಸಿ ತಿನ್ನಬೇಕು. ಹಾಗೆ ಮಾಡದೆ ಅವರ ಪೈಕಿ ಯಾರೂ ತುತ್ತು ಎತ್ತುವುದಿಲ್ಲ. ಇದು ಎಷ್ಟು ರೂಢಿಯ ಮಾತೆಂದರೆ, ಭಸ್ಮದ ಉಪಾಯ ಹೂಡುವಾಗ ಚನ್ನಬಸವಯ್ಯನವರಿಗಾಗಲಿ ಈಶ್ವರಯ್ಯನಿಗಾಗಲಿ ಹೊಳೆದೇ ಇರಲಿಲ್ಲ. ಉಸಿರಾಡುತ್ತೇವೆಂದು ಯಾರಿಗೆ ನೆನಪಿರುತ್ತದೆ.

ಉದ್ದ ಸಾಲು. ಸಾಲಿನ ತುಂಬ ಎಡಗೈಗಳು. ನಡುವೆ ಒಂದು ಕೈ ಖಾಲಿ. ಜವರ ಎಲ್ಲರನ್ನೂ ನೋಡಿ ತಾನೂ ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದ. ಕಾಯಿ ಸುಲಿದು ಸುಲಿದು ದಡ್ಡುಗಟ್ಟಿದ ಅಂಗೈ.

ಪರಮಶಿವಯ್ಯನವರು ತುಪ್ಪದ ಗಿಂಡಿ ಹಿಡಿದು ಬರುತ್ತಿದ್ದವರು ನಿಂತರು.

"ಲಿಂಗ ಎಲ್ಲಿ?"

ಜವರ ಎತ್ತಿದ ಕೈಯನ್ನು ಹಾಗೇ ಹಿಡಿದಿದ್ದ.

"ನಿಮ್ಮನ್ನೇ ಕೇಳಿದ್ದು. ಯಾವ ಮಠದೋರು ನೀವು? ಗುರುಗಳು ಯಾರು?"

"ಜವರಯ್ಯ ಅಂತ," ಎಂದ ಜವರ.

ಆ ಕಡೆಯ ಸಾಲಿನಿಂದ ಒಬ್ಬರು ಎದ್ದು ನಿಂತರು. ಚನ್ನರಾಯಪಟ್ಟಣದ ಸಂತೆಗೆ ಬಂದು ಹೋಗುತ್ತಿದ್ದ ದಲ್ಲಾಳಿ. "ಇವನು ಮಂಡೀಲಿ ಮಟ್ಟೆ ಸುಲಿಯೋ ಕೇರಿಯವನಲ್ವಾ?" ಎಂದರು. ಪಂಕ್ತಿ ಪೂರ್ತಿ ಎದ್ದಿತು. ಎಲೆಗಳ ಮೇಲೆ ಕಾಲು ಬಿದ್ದವು.

ಪರಮಶಿವಯ್ಯನವರು ಚನ್ನಬಸವಯ್ಯನವರನ್ನು ನೋಡಿದರು. ಚನ್ನಬಸವಯ್ಯನವರು ತಮ್ಮ ಎಲೆಯ ಮೇಲಿನ ಹಪ್ಪಳವನ್ನು ನೋಡಿದರು. "ಬ್ಯಾಂಡಿಗೆ ಜನ ಸೇರ್ಸೋನು ಈಶ್ವರ," ಎಂದರು.

"ಏನಯ್ಯಾ, ನಿನ್ನ ಪಕ್ಕದಲ್ಲೇ ಕೂತಿದ್ದಾನಲ್ಲ. ಇವನ್ಯಾರೂಂತ ನಿನಗೆ ಗೊತ್ತಿತ್ತಾ?" ಎಂದು ಪರಮಶಿವಯ್ಯನವರು ಈಶ್ವರಯ್ಯನನ್ನು ಕೇಳಿದರು.

ಹೌದು ಎಂದರೆ ಎರಡಕ್ಷರ. ಆ ಎರಡಕ್ಷರದ ಆಚೆ ಮಠವಿತ್ತು, ಬಹಿಷ್ಕಾರವಿತ್ತು, ಮದುವೆಗೆ ಬಂದ ತಂಗಿ ಇದ್ದಳು, ಮಾವನ ಮಂಡಿ ಇತ್ತು. ಇವೆಲ್ಲ ಆಗಲೇ ಹೊಳೆದವೋ, ತಿಂಗಳುಗಟ್ಟಲೆ ಆಮೇಲೆ ತನಗೆ ತಾನೇ ಹೇಳಿಕೊಂಡನೋ, ಅವನಿಗೇ ಖಚಿತವಿಲ್ಲ.

"ನಮ್ಮವನೇ ಅಂದ್ಕೊಂಡಿದ್ದೆ," ಎಂದ. "ಭಸ್ಮ ಹಚ್ಕೊಂಡಿದ್ದ. ನಮಗೂ ಮೋಸ ಮಾಡ್ಬಿಟ್ಟ."

ಜವರ ಅವನ ಕಡೆ ತಿರುಗಿದ. ಸಿಟ್ಟಿನಿಂದಲ್ಲ. ಕೇಳಿಸಿದ್ದು ಸರಿಯೇ ಎಂದು ನೋಡುವವನ ಹಾಗೆ.

"ಬುದ್ದಿ, ನೀವೇ ಅಲ್ವರಾ ಬಳ್ದಿದ್ದು," ಎಂದ.

ಅಷ್ಟರಲ್ಲಿ ಅವನನ್ನು ಮುಟ್ಟದೆಯೇ ಹಿತ್ತಲಿಗೆ ಅಟ್ಟಿದ್ದರು. ಕೈಯಿಂದ ಹೊಡೆದರೆ ಮೈಲಿಗೆ. ಯಾರೋ ಹಿಂದೆ ತಿರುಗಿ, "ಕೋಲು ಕೊಡು ಇಲ್ಲಿ," ಎಂದರು. ಡ್ರಮ್ಮಿನ ಕೋಲು ಈಶ್ವರಯ್ಯನ ಕೈಯಲ್ಲೇ ಇತ್ತು. ಯಾವಾಗ ಎತ್ತಿಕೊಂಡನೋ. ಅವನು ಕೊಟ್ಟ. ಕಿತ್ತುಕೊಳ್ಳಲಿಲ್ಲ ಯಾರೂ. ಅವನೇ ಕೈ ಚಾಚಿ ಕೊಟ್ಟ.

ಬಟ್ಟೆ ಸುತ್ತಿದ ತುದಿಯನ್ನು ಅವರು ಕೈಯಲ್ಲಿ ಹಿಡಿದರು. ಮರದ ತುದಿಯಿಂದ ಹೊಡೆದರು. ಹುಣ್ಣಿದ್ದ ಜಾಗ ಗೊತ್ತಿಲ್ಲದಿದ್ದರೂ ಏಟು ಅಲ್ಲಿಗೇ ಹೋಗುತ್ತಿತ್ತು. ಜವರ ಕೂಗಲಿಲ್ಲ. ಅವನಿಗೆ ಬೆನ್ನಿಗೆ ಏಟು ಬೀಳುವಾಗ ಕೂಗದೆ ನಿಲ್ಲುವ ಅಭ್ಯಾಸವನ್ನು ಭಾರತಾಂಬಾ ಬ್ಯಾಂಡು ಚೆನ್ನಾಗಿ ಮಾಡಿಸಿತ್ತು.

ಹೊಡೆಯುವವರಿಗೆ ದಣಿವಾಯಿತು. ಆಗ ಜವರ ನೆಟ್ಟಗೆ ನಿಂತ. ಯಾರೂ ತಡೆಯಲಿಲ್ಲ, ತಡೆಯಬೇಕಾದರೆ ಮುಟ್ಟಬೇಕಿತ್ತು. ಹಿತ್ತಲ ಬಾಗಿಲಿನಿಂದ ಮತ್ತೆ ಒಳಕ್ಕೆ ನಡೆದು ಬಂದ. ತಾನು ಕೂತಿದ್ದ ಎಲೆಯ ಮುಂದೆ ನಿಂತು ಕೋಟು ಬಿಚ್ಚಿದ. ಅದರ ತೋಳಿನಿಂದ ಹಣೆಯ ಭಸ್ಮ ಒರೆಸಿದ, ಚರ್ಮ ಕೆಂಪಾಗುವವರೆಗೆ. ಕೋಟನ್ನು ಅನ್ನದ ಮೇಲೆ, ಪಾಯಸದ ಮೇಲೆ, ಎಲೆ ಪೂರ್ತಿ ಮುಚ್ಚುವಂತೆ ಹರಡಿದ.

"ನಿಮ್ಮ ಅನ್ನವೂ ಬ್ಯಾಡ, ನಿಮ್ಮ ಅಂಗಿಯೂ ಬ್ಯಾಡ," ಎಂದ. "ಆ ಡ್ರಮ್ಮ ಇನ್ಮೇಲೆ ಯಾರ್ ಬಡೀತೀರೋ ಅವ್ರೇ ವತ್ಕಳಿ."

ಬರಿ ಮೈಯಲ್ಲಿ ಮುಂಬಾಗಿಲಿನಿಂದಲೇ ಹೊರಗೆ ಹೋಗಿ, ಚನ್ನರಾಯಪಟ್ಟಣದ ರಸ್ತೆ ಹಿಡಿದ.

ಮನೆ ತೊಳೆದರು. ಗಂಜಲ ಚಿಮುಕಿಸಿದರು. ಹೊಸ ಎಲೆ ಹಾಕಿದರು. ಪಂಕ್ತಿ ಮತ್ತೆ ಕೂತಿತು. ಈಶ್ವರಯ್ಯ ಕೂತ. ಲಿಂಗ ಅಂಗೈಗೆ ತೆಗೆದುಕೊಂಡ. ಉಂಡ. ಪಾಯಸ ಎರಡನೆಯ ಸಲ ಬಂದಾಗ ಬೇಡ ಎನ್ನಲು ಬಾಯಿ ಬರಲಿಲ್ಲ, ಅದನ್ನೂ ಉಂಡ.

ಮರುದಿನದಿಂದ ಜವರ ಮಂಡಿಗೆ ಬರಲಿಲ್ಲ. ಕೇರಿಯಿಂದ ಬೇರೆ ಯಾರೂ ಬರಲಿಲ್ಲ. ಅಂಗಳದಲ್ಲಿ ಸುಲಿಯದ ಕಾಯಿ ಚಪ್ಪರದೆತ್ತರಕ್ಕೆ ಬೆಳೆಯಿತು. ಚನ್ನಬಸವಯ್ಯನವರು ಹೇಳಿ ಕಳಿಸಿದರು, ಗದರಿಸಿ ಕಳಿಸಿದರು, ಕೊನೆಗೆ ಬೆಲ್ಲ ಕಳಿಸಿದರು. ಬೆಲ್ಲ ಹಾಗೆಯೇ ವಾಪಸು ಬಂತು, ಮೇಲೆ ಒಂದಷ್ಟು ಇರುವೆ. ಗಾಂಧಿ ಜಯಂತಿ ಹತ್ತಿರವಾಯಿತು. ಬೆಂಗಳೂರಿನಿಂದ ಮುಖಂಡರು ಬರುತ್ತಾರೆಂದು ಸುದ್ದಿ. ಡ್ರಮ್ಮು ಮೂಲೆಯಲ್ಲಿತ್ತು. ಹೊರುವವರು ಊರಿನಲ್ಲಿರಲಿಲ್ಲ.

"ನೀನೇ ಹೋಗು ಈಶ್ವರ," ಎಂದರು ಮಾವ. "ನಿನ್ನ ಮಾತು ಕೇಳ್ತಾನೆ ಅವನು."

ಈಶ್ವರಯ್ಯ ಹೊರಟ. ಮಾವ ಕಳಿಸದಿದ್ದರೂ ಹೋಗುತ್ತಿದ್ದೆ ಎಂದು ದಾರಿಯುದ್ದಕ್ಕೂ ಅಂದುಕೊಂಡ. ಆದರೆ ಮಾವ ಕಳಿಸುವವರೆಗೆ ಹೋಗಿರಲಿಲ್ಲ ಎಂಬುದನ್ನು ಅಂದುಕೊಳ್ಳದಿರಲು ಬಹಳ ಕಷ್ಟಪಟ್ಟ. ಊಟ ಸೇರದೆ ಅವನ ಕೆನ್ನೆ ಇಳಿದಿತ್ತು. ಪತ್ರಿಕೆ ಓದುವುದನ್ನು ಬಿಟ್ಟಿದ್ದ. ಜವರ ಒಂದು ಮಾತು, ಹೋಗ್ಲಿ ಬುಡಿ ಬುದ್ದಿ ಎಂದು ಒಂದೇ ಒಂದು ಮಾತು ಹೇಳಿದರೆ ಸಾಕಿತ್ತು.

ಜವರ ಹೊಳೆನರಸೀಪುರದ ರಸ್ತೆಯಲ್ಲಿ ಜಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದಾನೆಂದು ಕೇರಿಯಲ್ಲಿ ಹೇಳಿದರು. ನಡು ಮಧ್ಯಾಹ್ನ. ರಸ್ತೆಯ ಬದಿಗೆ ಎರಡು ಕಲ್ಲಿನ ರಾಶಿ. ಜವರ ಸುತ್ತಿಗೆ ಹಿಡಿದು ಒಡೆಯುತ್ತಿದ್ದ. ಹೆಂಡತಿ ಚೆಲುವಿ ಜಲ್ಲಿಯನ್ನು ಮಂಕರಿಗೆ ತುಂಬುತ್ತಿದ್ದಳು. ಜವರನ ಬೆನ್ನು ಈ ಕಡೆಗಿತ್ತು. ಹುಣ್ಣು ಮಾಗಿತ್ತು. ಕಲೆಗಳು ಕಪ್ಪಗೆ, ಉಬ್ಬಿಕೊಂಡು, ಒಂದರ ಮೇಲೊಂದು. ಯಾವುದು ಬ್ಯಾಂಡಿನದು, ಯಾವುದು ಹಾಸನದ್ದು ಎಂದು ಹೇಳುವಂತಿರಲಿಲ್ಲ.

"ಜವರ."

"ಏನು," ಎಂದ ಜವರ. ಬುದ್ದಿ ಎನ್ನಲಿಲ್ಲ.

"ಮಾವ ಕಳ್ಸಿದ್ರು. ನಾನು ಅದಕ್ಕೆ ಬಂದಿದ್ದಲ್ಲ."

"ಅದುಕ್ಕೇ ಕಳ್ಸವ್ರೆ ಅಂತ ಈಗ ತಾನೇ ಅಂದ್ರಲ್ಲ."

"ಎಲ್ಡಕ್ಕೂ ಬಂದವ್ರೆ ಬುಡು," ಎಂದಳು ಚೆಲುವಿ, ಜಲ್ಲಿ ತುಂಬುತ್ತಲೇ. "ಮಾವುಂಗೆ ಡ್ರಮ್ಮು ವರೋ ಆಳ್ ಬೇಕು. ಇವ್ರುಗೆ ನಿದ್ದೆ ಬರ್ಬೇಕು."

ಈಶ್ವರಯ್ಯ ನಿಂತಲ್ಲೇ ನಿಂತ. ಸುತ್ತಿಗೆ ಬೀಳುತ್ತಿತ್ತು. ಕಲ್ಲಿನ ಚೂರೊಂದು ಹಾರಿ ಅವನ ಕಾಲಿಗೆ ಬಡಿಯಿತು.

"ತಪ್ಪಾಯ್ತು ಕಣೋ. ಅವತ್ತಿಂದ ಅನ್ನ ಸೇರ್ತಿಲ್ಲ ನನಗೆ."

"ಅವತ್ತು ಸೇರ್ತಲ್ಲ," ಎಂದಳು ಚೆಲುವಿ. "ಮನೆ ತೊಳುದು ಇನ್ನೊಂದ್ ಕಿತ ಎಲೆ ಆಕುದ್ರಂತೆ. ಎಲ್ಲಾರ್ಗೂ ಗೊತ್ತಾಯ್ತದೆ ಕಣಪ್ಪ. ಅದೇ ಅರಗಿಲ್ವೇನೋ ನೋಡ್ಕಳಿ."

"ನೀ ಸುಮ್ಕಿರು," ಎಂದ ಜವರ. ಸುತ್ತಿಗೆ ಕೆಳಗಿಟ್ಟು ಎದ್ದು ತಿರುಗಿದ. "ಏನಾಗ್ಬೇಕು ಯೋಳಿ ಈಸ್ವರಯ್ಯ."

ಹೆಸರು ಹಿಡಿದು ಕರೆದದ್ದು ಈಶ್ವರಯ್ಯನ ಕಿವಿಗೆ ತಾಗಿತು. ತಾಗಿದ್ದಕ್ಕೆ ನಾಚಿಕೆಯೂ ಆಯಿತು. ಮಾತು ಒಟ್ಟೊಟ್ಟಿಗೆ ಬಂತು.

"ಹಾಸನಕ್ಕೆ ಹೋಗ್ತೀನಿ. ಪರಮಶಿವಯ್ಯನೋರ ಮನೇಲಿ, ಎಲ್ಲರ ಮುಂದೆ ಹೇಳ್ತೀನಿ. ಹೇಳಿದ್ದು ನಮ್ಮ ಮಾವ, ಹಚ್ಚಿದ್ದು ನಾನು, ಕೂರು ಅಂದದ್ದು ನಾನು ಅಂತ. ಮಠದಿಂದ ಹೊರಗೆ ಹಾಕಿದ್ರೆ ಹಾಕ್ಲಿ. ನೀನು ಹೂಂ ಅನ್ನು, ನಾಳೆನೇ ಹೊರಡ್ತೀನಿ."

"ನಾನ್ಯಾಕೆ ಊಂ ಅನ್ಬೇಕು?"

"ನಿನ್ನ ಮನಸ್ಸಲ್ಲಿ ಏನೂ ಇಲ್ಲ ಅಂತ ಒಂದು ಮಾತು..."

"ಕೋಲ್ ಕೊಡೋವಾಗ ನನ್ನ ಕೇಳ್ಕಂಡು ಕೊಟ್ರಾ?"

ತಾನು ಕೊಟ್ಟದ್ದನ್ನು ಜವರ ನೋಡಿರಲಿಕ್ಕಿಲ್ಲ ಎಂದು ಈಶ್ವರಯ್ಯ ಇಷ್ಟು ದಿನ ನಂಬಿಕೊಂಡಿದ್ದ. ಈಗ ಹೇಳಿದ ತಪ್ಪೊಪ್ಪಿಗೆಯಲ್ಲೂ ಅದೊಂದನ್ನು ಬಿಟ್ಟಿದ್ದ.

"ಯೋಳೋದಾದ್ರೆ ಓಗಿ ಯೋಳಿ. ಬುಡೋದಾದ್ರೆ ಬುಡಿ," ಎಂದ ಜವರ. ದನಿ ಎತ್ತರಿಸಲಿಲ್ಲ. "ನಿಮ್ಮ ಡ್ರಮ್ಮ ವತ್ತೆ. ನಿಮ್ಮ ಭಸ್ಮ ವತ್ತೆ. ಏಟ್ನೂ ವತ್ಕಂಡು ಬಂದೆ. ಈಗ ನಿಮ್ಮ ಎದೆ ಬಾರ ತಂದು ಮುಂದೆ ಇಳುಸ್ತಾ ಇದ್ದೀರಿ, ಇದ್ನೂ ವಸಿ ಎತ್ಕಳಪ್ಪಾ ಅಂತ. ಇದ್ನ ನಾನು ವರಾಕಿಲ್ಲ. ಇದು ನಿಮ್ದು."

ಚೆಲುವಿ ಮಂಕರಿ ತುಂಬಿ ಮುಗಿಸಿದ್ದಳು. ಜವರ ಬಗ್ಗಿ, ಅವಳೊಂದು ಕಡೆ ತಾನೊಂದು ಕಡೆ ಹಿಡಿದು, ಮಂಕರಿಯನ್ನು ತಲೆಗೆ ಎತ್ತಿಕೊಂಡ. ಜಲ್ಲಿ ಹಾಕಬೇಕಾದ ಜಾಗ ರಸ್ತೆಯ ಆಚೆ. ಎರಡು ರಾಶಿಗಳ ನಡುವೆ ಇದ್ದದ್ದು ಒಬ್ಬರು ನಡೆಯುವಷ್ಟು ಜಾಗ. ಅಲ್ಲಿ ಈಶ್ವರಯ್ಯ ನಿಂತಿದ್ದ.

ಈಶ್ವರಯ್ಯ ಹುಟ್ಟಿದಂದಿನಿಂದ ಯಾವ ದಾರಿಯಲ್ಲಿ ಹೋದರೂ ಕೇರಿಯವರು ಅವನನ್ನು ಕಂಡು ಬದಿಗೆ ಇಳಿಯುತ್ತಿದ್ದರು. ಹಾಗೆ ಇಳಿಯುತ್ತಿದ್ದಾರೆಂದು ಅವನು ಒಮ್ಮೆಯೂ ಗಮನಿಸಿರಲಿಲ್ಲ. ದಾರಿ ಇರುವುದೇ ಹಾಗೆ ಎಂದುಕೊಂಡಿದ್ದ.

"ದಾರಿ ಬುಡಿ," ಎಂದ ಜವರ.

ಜಲ್ಲಿಯ ಭಾರಕ್ಕೆ ಅವನ ಕತ್ತಿನ ನರ ಬಿಗಿದಿತ್ತು. ಕಣ್ಣು ಈಶ್ವರಯ್ಯನ ಮೇಲಿರಲಿಲ್ಲ, ದಾರಿಯ ಮೇಲಿತ್ತು. ಕಾಯುತ್ತಿದ್ದ. ಕೇಳಿಕೊಳ್ಳುತ್ತಿರಲಿಲ್ಲ.

ಈಶ್ವರಯ್ಯ ಕಲ್ಲಿನ ರಾಶಿಗೆ ಒತ್ತಿಕೊಂಡು ಪಕ್ಕಕ್ಕೆ ಸರಿದ.